ವಾಕರ್ ಎಂದರೆ ನಡೆಯುವವನಲ್ಲ, ತುಳಿಯುವವನು



ನಮ್ಮ ಗಡಿಸೀಮೆಯ ಕನ್ನಡ ಶಾಲೆಗಳ ಹಜೇರಿ ಪುಸ್ತಕ ತೆರೆದರೆ ಮೊದಲು ಕಾಣುವುದು ಮಗುವಿನ ಹೆಸರಲ್ಲ, ಅಡ್ಡಹೆಸರು. ಮಹಾರಾಷ್ಟ್ರದ ಪದ್ಧತಿಯೇ ಹಾಗೆ. ಕುಂಬಾರ, ಬಡಿಗೇರ, ಲೋಹಾರ, ಕೋಷ್ಟಿ, ಪಾಟೀಲ, ಕುಲಕರ್ಣಿ... ಓದುತ್ತ ಹೋದರೆ ಒಂದು ಹಳೆಯ ಊರಿನ ಕೆಲಸದ ಯಾದಿಯೇ ಕಣ್ಣ ಮುಂದೆ ಬರುತ್ತದೆ. ಇದೆಲ್ಲ ನಮ್ಮ ದೇಶದಲ್ಲಿ ಮಾತ್ರ ಇರುವ ಸಂಗತಿ ಎಂದು ಮಕ್ಕಳು ನಂಬಿರುತ್ತಾರೆ. ಇಂಗ್ಲಿಷ್ ಪುಸ್ತಕದಲ್ಲಿ ಬರುವ ಸ್ಮಿತ್ ಎಂದರೆ ಕಮ್ಮಾರ, ಪಾಟರ್ ಎಂದರೆ ಕುಂಬಾರ, ಟೇಲರ್ ಎಂದರೆ ಸಿಂಪಿಗ ಎಂದು ಹೇಳಿದಾಗ ತರಗತಿಯಲ್ಲಿ ನಗೆ ಏಳುತ್ತದೆ. ಆಮೇಲೆ ಯಾವುದಾದರೂ ಒಂದು ಚುರುಕು ಮಗು ಕೇಳಿಯೇ ಕೇಳುತ್ತದೆ, "ಹಂಗಾದ್ರ ವಾಕರ್ ಅಂದ್ರ ಏನ್ರಿ ಸರ್, ನಡ್ಯೂದೇ ಕೆಲ್ಸ ಏನ್ರಿ?"

ಪ್ರಶ್ನೆ ನ್ಯಾಯವಾದದ್ದೇ. 'ವಾಕ್' ಎಂದರೆ ನಡೆ, 'ವಾಕರ್' ಎಂದರೆ ನಡೆಯುವವನು ಎಂದು ನಾವೇ ಕಲಿಸಿದ್ದೇವಲ್ಲ! ಆದರೆ ನಡೆಯುವುದಕ್ಕೆ ಯಾರು ಕೂಲಿ ಕೊಡುತ್ತಾರೆ? ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರುಗಳಲ್ಲಿ ವಾಕರ್ ಕೂಡ ಒಂದು. ಅಷ್ಟು ಜನ ಸುಮ್ಮನೆ ನಡೆದೇ ಹೆಸರು ಪಡೆದಿರಲಾರರು. ಅವರ ಹಿರಿಯರು ನಡೆದದ್ದು ನಿಜ, ಆದರೆ ದಾರಿಯ ಮೇಲಲ್ಲ. ಒಂದು ತೊಟ್ಟಿಯೊಳಗೆ, ಒದ್ದೆ ಬಟ್ಟೆಯ ಮೇಲೆ, ನಿಂತಲ್ಲಿಯೇ.

ಇದು ತಿಳಿಯಬೇಕಾದರೆ ಮೊದಲು ಉಣ್ಣೆಯ ಸಂಗತಿ ತಿಳಿಯಬೇಕು. ನಮ್ಮ ಸೊಲ್ಲಾಪುರದ ಚಾದರ ಹತ್ತಿಯದು. ಹತ್ತಿಯ ಬಟ್ಟೆ ಮಗ್ಗದಿಂದ ಇಳಿದರೆ ಬಹುಮಟ್ಟಿಗೆ ಬಟ್ಟೆಯಾಗಿಯೇ ಇಳಿಯುತ್ತದೆ. ಉಣ್ಣೆ ಹಾಗಲ್ಲ. ಆಗಿನ ಇಂಗ್ಲೆಂಡಿನಲ್ಲಿ ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ಜಾಳುಜಾಳಾಗಿ, ಎತ್ತಿ ಹಿಡಿದರೆ ಬೆಳಕು ತೂರಿ ಬರುವಂತೆ ಇರುತ್ತಿತ್ತು. ಅದರಲ್ಲಿ ಕುರಿಯ ಮೈಯ ಜಿಡ್ಡು ಇರುತ್ತಿತ್ತು. ನೂಲುವಾಗ ಎಳೆ ಹರಿಯದಿರಲೆಂದು ಹಚ್ಚಿದ ಎಣ್ಣೆ, ಬೆಣ್ಣೆಯ ಜಿಡ್ಡೂ ಸೇರಿರುತ್ತಿತ್ತು. ಅದನ್ನು ತೊಟ್ಟುಕೊಂಡು ಅಲ್ಲಿನ ಚಳಿಗಾಲ ಕಳೆಯಲು ಸಾಧ್ಯವಿರಲಿಲ್ಲ.

ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮನೆಯ ಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಸಣ್ಣ ಸಣ್ಣ ಚಕ್ಕೆಗಳು ಕಾಣುತ್ತವೆ. ಬಿಸಿ ನೀರು, ಸಾಬೂನಿನಂತಹ ವಸ್ತು ಮತ್ತು ತಿಕ್ಕಾಟ ಈ ಮೂರೂ ಒಟ್ಟಿಗೆ ಸಿಕ್ಕರೆ ಎಳೆಗಳು ಸರಿದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಚಕ್ಕೆಗಳು ಹಿಂದಕ್ಕೆ ಜಾರಲು ಬಿಡುವುದಿಲ್ಲ. ಉಣ್ಣೆಯ ಸ್ವೆಟರನ್ನು ಯಾರೋ ಬಿಸಿ ನೀರಿನಲ್ಲಿ ತಿಕ್ಕಿ ಒಗೆದು, ಅದು ತಮ್ಮನಿಗೂ ಸಾಲದಷ್ಟು ಕುಗ್ಗಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನು ನಾವು ಬಟ್ಟೆ ಹಾಳಾಯಿತು ಅನ್ನುತ್ತೇವೆ. ಅವರು ಅದನ್ನೇ ಬೇಕೆಂದು ಮಾಡುತ್ತಿದ್ದರು. ಬಟ್ಟೆ ಕುಗ್ಗಿದಷ್ಟೂ ದಪ್ಪವಾಗುತ್ತದೆ, ಬಿಗಿಯಾಗುತ್ತದೆ, ಗಾಳಿ ಮಳೆ ತಡೆಯುತ್ತದೆ. ಇಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಹಾಕಿಯೇ ನೇಕಾರ ಮಗ್ಗದಲ್ಲಿ ಹೆಚ್ಚು ಅಗಲಕ್ಕೆ ನೇಯುತ್ತಿದ್ದ. (ನಮ್ಮ ಜತ್ತ ಕಡೆಯ ಕಂಬಳಿಗೆ ಬಿಗುವು ಕೊಡಲು ಹುಣಸೆಬೀಜದ ಸರಿ ಹಚ್ಚುತ್ತಾರಲ್ಲ, ಅದು ಬೇರೆ ದಾರಿ.)

ಈ ಕೆಲಸ ಮಾಡುವ ಬಗೆ ಹೀಗಿತ್ತು. ಕಲ್ಲಿನ ಇಲ್ಲವೆ ಮರದ ತೊಟ್ಟಿಯಲ್ಲಿ ಬಟ್ಟೆ ಹಾಕಿ, ಅದರ ಮೇಲೆ ನೀರು ಮತ್ತು ಹುಳಿ ಬಂದ ಮೂತ್ರ ಸುರಿಯುತ್ತಿದ್ದರು. ಹೌದು, ಮೂತ್ರವೇ! ಮೂತ್ರ ಹಳತಾದರೆ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ, ಅದು ಜಿಡ್ಡನ್ನು ಬಿಡಿಸುತ್ತದೆ. ಸಾಬೂನು ತುಟ್ಟಿಯಾಗಿದ್ದ ಕಾಲದಲ್ಲಿ ಬಡವರಿಗೆ ಪುಕ್ಕಟೆ ಸಿಗುತ್ತಿದ್ದ ಸಾಬೂನು ಇದೇ. ಆಮೇಲೆ ಜಿಡ್ಡನ್ನು ಹೀರುವ ಒಂದು ಬಗೆಯ ನುಣುಪಾದ ಜೇಡಿಮಣ್ಣು ಸೇರಿಸುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ 'ಫುಲ್ಲರ್ಸ್ ಅರ್ಥ್' ಎನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿ ಅದೇ ಜಾತಿಯ ಮಣ್ಣು. ಆಮೇಲೆ ಇಬ್ಬರು ಮೂವರು ಬರಿಗಾಲಲ್ಲಿ ತೊಟ್ಟಿಗೆ ಇಳಿದು ತುಳಿಯುವುದು. ಒಂದು ತಾಸಲ್ಲ, ಎರಡು ತಾಸಲ್ಲ, ಬಟ್ಟೆ ಹದಕ್ಕೆ ಬರುವವರೆಗೆ. ಆ ವಾಸನೆಯಲ್ಲಿ, ಆ ತಂಪಿನಲ್ಲಿ, ಆ ನೀರಿನಲ್ಲಿ ದಿನವಿಡೀ ನಿಂತ ಕಾಲುಗಳು ಹೇಗಾಗಿರಬೇಕು ಎಂದು ಯೋಚಿಸಿ.

ತುಳಿದ ಬಟ್ಟೆಯನ್ನು ಒಗೆದು, ಬಯಲಿನಲ್ಲಿ ಉದ್ದನೆಯ ಮರದ ಚೌಕಟ್ಟಿಗೆ ಕೊಕ್ಕೆ ಹಾಕಿ ಎಳೆದು ಕಟ್ಟುತ್ತಿದ್ದರು. ಆ ಚೌಕಟ್ಟಿಗೆ ಟೆಂಟರ್ ಎಂದು ಹೆಸರು. ಮುಳ್ಳಿನ ಮೇಲೆ ಕೂತಂತೆ ಚಡಪಡಿಸುವವರನ್ನು ಇಂಗ್ಲಿಷಿನವರು ಇಂದಿಗೂ 'ಆನ್ ಟೆಂಟರ್‌ಹುಕ್ಸ್' ಎನ್ನುವುದು ಈ ಕೊಕ್ಕೆಗಳಿಂದಲೇ. ಒಣಗಿದ ಮೇಲೆ ಟೀಸೆಲ್ ಎಂಬ ಗಿಡದ ಮುಳ್ಳುಮುಳ್ಳಾದ ಒಣ ತೆನೆಯಿಂದ ಬಟ್ಟೆಯನ್ನು ಬಾಚಿ ಎಳೆ ಎಬ್ಬಿಸುವುದು, ದೊಡ್ಡ ಕತ್ತರಿಯಿಂದ ಸಮನಾಗಿ ಕತ್ತರಿಸುವುದು. ಹೀಗೆ ಕತ್ತರಿಸುವವನು ಶಿಯರ್‌ಮನ್. ಶೆರ್ಮನ್ ಎಂಬ ಅಡ್ಡಹೆಸರು ಬಂದದ್ದು ಅಲ್ಲಿಂದ.

ಈ ಕೆಲಸ ಇಂಗ್ಲಿಷರು ಕಂಡುಹಿಡಿದದ್ದಲ್ಲ. ರೋಮನ್ನರಲ್ಲಿ ಇದು ದೊಡ್ಡ ಉದ್ಯೋಗ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ನಗರದಲ್ಲಿ ಬಟ್ಟೆ ತುಳಿಯುವ ತೊಟ್ಟಿಗಳು ಇದ್ದಂತೆಯೇ ಸಿಕ್ಕಿವೆ. ಅದಕ್ಕೆ ಸ್ವಲ್ಪ ಮೊದಲು ಆಳಿದ ಚಕ್ರವರ್ತಿ ವೆಸ್ಪೇಸಿಯನ್ ಸಾರ್ವಜನಿಕ ಮೂತ್ರಾಲಯಗಳಿಂದ ಸಂಗ್ರಹಿಸುವ ಮೂತ್ರದ ಮೇಲೆ ತೆರಿಗೆ ಹಾಕಿದ್ದ. ಮಗ ಟೈಟಸ್ ಅಸಹ್ಯಪಟ್ಟಾಗ ತೆರಿಗೆಯ ನಾಣ್ಯವನ್ನು ಅವನ ಮೂಗಿಗೆ ಹಿಡಿದು ವಾಸನೆ ಬರುತ್ತದೆಯೇ ಎಂದು ಕೇಳಿದನಂತೆ. ಇತಿಹಾಸಕಾರ ಸ್ವೆಟೋನಿಯಸ್ ಬರೆದಿಟ್ಟ ಕಥೆ ಇದು. ತೆರಿಗೆಯ ಪಾಠ ಮಾಡುವಾಗ ಹೇಳಿ ನೋಡಿ, ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನು ಹೆಸರಿಗೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ 'ವೆಅಲ್ಕನ್' ಎಂಬ ಕ್ರಿಯಾಪದವಿತ್ತು. ಅದರ ಅರ್ಥ ಹೊರಳು, ಉರುಳು, ಸಮುದ್ರದ ತೆರೆಯಂತೆ ಅತ್ತಿತ್ತ ಹೊಯ್ದಾಡು. ಬಟ್ಟೆಯನ್ನು ಹೊರಳಿಸಿ ಹೊರಳಿಸಿ ತುಳಿಯುವವನು 'ವೆಅಲ್ಕೆರೆ'. 'ವಾಕ್' ಪದಕ್ಕೆ ಕಾಲ್ನಡಿಗೆಯಲ್ಲಿ ಹೋಗು ಎಂಬ ಅರ್ಥ ಗಟ್ಟಿಯಾದದ್ದು ಆಮೇಲೆ, ಸುಮಾರು 1200ರ ಆಚೀಚೆ. ಅಂದರೆ ಕಸುಬಿನ ಹೆಸರೇ ಹಿರಿಯದು, ನಡಿಗೆಯ ಅರ್ಥ ಕಿರಿಯದು! ಇಂಗ್ಲಿಷಿನ ದಾಯಾದಿ ಭಾಷೆಯಾದ ಜರ್ಮನ್‌ನಲ್ಲಿ ಇವತ್ತಿಗೂ 'ವಾಲ್ಕೆನ್' ಎಂದರೆ ಬಟ್ಟೆಯನ್ನು ತುಳಿದು ಹದ ಮಾಡುವುದೇ. ಶಾಲೆಯ ಮಕ್ಕಳು ಓದುವ ಪುಟದಲ್ಲಿ ಹೆಸರು ಹೇಳಬಾರದ ಒಂದು ಬಾಟಲಿಯ ಮೇಲೆ, ಈ ಅಡ್ಡಹೆಸರಿನ ಜೊತೆಗೆ, ಟೋಪಿ ಹಾಕಿಕೊಂಡು ಕೋಲು ಹಿಡಿದು ದಾಪುಗಾಲು ಹಾಕುವ ಮನುಷ್ಯನ ಚಿತ್ರವಿದೆ. ನಿಜವಾಗಿ ನೋಡಿದರೆ ಅವನನ್ನು ತೊಟ್ಟಿಯಲ್ಲಿ ನಿಲ್ಲಿಸಬೇಕಿತ್ತು.

ವಿಶೇಷವೆಂದರೆ ಈ ಒಂದೇ ಕೆಲಸಕ್ಕೆ ಇಂಗ್ಲೆಂಡಿನ ಮೂರು ಸೀಮೆಗಳಲ್ಲಿ ಮೂರು ಹೆಸರು. ಉತ್ತರದಲ್ಲಿ ಮತ್ತು ನಡುನಾಡಿನ ಪಶ್ಚಿಮಕ್ಕೆ ವಾಕರ್. ದಕ್ಷಿಣ ಮತ್ತು ಪೂರ್ವದಲ್ಲಿ ಫುಲ್ಲರ್, ಇದು ಲ್ಯಾಟಿನ್ನಿನ 'ಫುಲ್ಲೋ' ಎಂಬ ಪದದ ಮೊಮ್ಮಗ. ನೈರುತ್ಯದಲ್ಲಿ, ಅಂದರೆ ಡೆವನ್, ಸಾಮರ್ಸೆಟ್ ಕಡೆ, ಟಕ್ಕರ್. ಹಳೆಯ ಇಂಗ್ಲಿಷಿನ 'ಟೂಸಿಯನ್' ಎಂದರೆ ಹಿಂಸಿಸು, ಗೋಳಾಡಿಸು ಎಂಬ ಅರ್ಥ. ಬಟ್ಟೆಯನ್ನು ಗೋಳಾಡಿಸುವವನು ಟಕ್ಕರ್! ಎಕ್ಸಿಟರ್ ನಗರದಲ್ಲಿ ನೇಕಾರರು, ತುಳಿಯುವವರು, ಕತ್ತರಿಸುವವರು ಸೇರಿ 1471ರಲ್ಲಿ ಕಟ್ಟಿಸಿದ 'ಟಕ್ಕರ್ಸ್ ಹಾಲ್' ಇಂದಿಗೂ ನಿಂತಿದೆ. ಜೋಳದ ರೊಟ್ಟಿಗೆ ಅಕ್ಕಲಕೋಟೆಯಲ್ಲಿ ರೊಟ್ಟಿ ಅಂದರೆ ಸ್ವಲ್ಪ ಆಚೆ ಭಾಕರಿ ಅನ್ನುವುದಿಲ್ಲವೇ, ಹಾಗೆ. ಒಬ್ಬ ಇಂಗ್ಲಿಷ್ ಮನುಷ್ಯನ ಅಡ್ಡಹೆಸರು ಈ ಮೂರರಲ್ಲಿ ಯಾವುದು ಎಂಬುದರ ಮೇಲೆ ಆರೇಳು ನೂರು ವರ್ಷಗಳ ಹಿಂದೆ ಅವನ ಮನೆತನ ಯಾವ ಸೀಮೆಯಲ್ಲಿ ಇದ್ದಿರಬಹುದು ಎಂದು ಊಹಿಸಬಹುದು. ಹತ್ತನೆಯ ಇಯತ್ತೆಯ ವಿಜ್ಞಾನದಲ್ಲಿ ಕಾರ್ಬನ್ನಿನ ಪಾಠ ಮಾಡುವವರಿಗೆ ಒಂದು ಮಾತು. 1985ರಲ್ಲಿ ಕಂಡುಹಿಡಿದ, ಚೆಂಡಿನಾಕಾರದ 60 ಪರಮಾಣುಗಳ ಕಾರ್ಬನ್ ಅಣುವಿನಿಂದಾಗಿ ಬಂದ 'ಫುಲ್ಲರೀನ್' ಎಂಬ ಹೆಸರು ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ವಾಸ್ತುಶಿಲ್ಪಿಯದು. ಅಣುವಿನ ಹೆಸರಿನೊಳಗೂ ಬಟ್ಟೆ ತುಳಿಯುವವನು ಕೂತಿದ್ದಾನೆ.

ಉಣ್ಣೆಯ ಉಳಿದ ಕೆಲಸಗಾರರೂ ಅಡ್ಡಹೆಸರುಗಳಲ್ಲಿ ಬದುಕಿದ್ದಾರೆ. ಉಣ್ಣೆ ಬಿಡಿಸುವವನು ಟೋಜರ್, ಬಣ್ಣ ಹಾಕುವವನು ಡಯರ್, ಉತ್ತರದಲ್ಲಿ ಅವನೇ ಲಿಸ್ಟರ್. ನೇಕಾರನಿಗೆ ವೀವರ್, ವೆಬ್, ವೆಬರ್, ವೆಬ್‌ಸ್ಟರ್ ಎಂದು ನಾಲ್ಕು ರೂಪ. ಇವುಗಳಲ್ಲಿ 'ಸ್ಟರ್' ಎಂಬ ಪ್ರತ್ಯಯ ಮೊದಲು ಹೆಂಗಸರ ಕೆಲಸಕ್ಕೆ ಸೇರಿದ್ದು. ನಾವು ಶಿಕ್ಷಕರು ಪ್ರಮಾಣವೆಂದು ತೋರಿಸುವ ವೆಬ್‌ಸ್ಟರ್ ನಿಘಂಟಿನ ಕರ್ತೃ ನೋವಾ ವೆಬ್‌ಸ್ಟರ್ ಅವರ ಅಡ್ಡಹೆಸರಿನಲ್ಲಿ ಇರುವುದು ಮಗ್ಗದ ಮುಂದೆ ಕೂತ ಹೆಣ್ಣುಮಗಳು.

ಹೀಗೆ ಕಸುಬು ಹೆಸರಾದದ್ದು ಯಾವಾಗ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಾಲಕ್ಕೆ ಸಾಮಾನ್ಯ ಜನರಿಗೆ ಒಂದೇ ಹೆಸರು. ಆಮೇಲೆ ಜಾನ್, ವಿಲಿಯಂ, ರಾಬರ್ಟ್ ಮುಂತಾದ ಕೆಲವೇ ಹೆಸರುಗಳು ಊರೂರಲ್ಲಿ ತುಂಬಿಕೊಂಡವು. ಒಂದೇ ಹಳ್ಳಿಯಲ್ಲಿ ಐದಾರು ಜಾನ್‌ಗಳಿದ್ದರೆ ಕಂದಾಯದ ಗುಮಾಸ್ತ ಏನು ಮಾಡಬೇಕು? ಬಟ್ಟೆ ತುಳಿಯುವ ಜಾನ್, ಗುಡ್ಡದ ಮೇಲಿನ ಜಾನ್, ವಿಲಿಯಮ್ಮನ ಮಗ ಜಾನ್ ಎಂದು ಬರೆದುಕೊಂಡ. ಮೊದಮೊದಲು ಅದು ಆ ಮನುಷ್ಯನೊಂದಿಗೇ ಮುಗಿಯುತ್ತಿತ್ತು. 13 ಮತ್ತು 14ನೆಯ ಶತಮಾನಗಳಲ್ಲಿ ಅದು ಮಗನಿಗೂ ಮೊಮ್ಮಗನಿಗೂ ಇಳಿಯತೊಡಗಿತು. 1377, 1379 ಮತ್ತು 1381ರಲ್ಲಿ ಸರಕಾರ ತಲೆಗಂದಾಯ ಹಾಕಿದಾಗ ಬರೆದ ಪಟ್ಟಿಗಳು ಇದಕ್ಕೆ ಒಳ್ಳೆಯ ಸಾಕ್ಷಿ. 1379ರ ಯಾರ್ಕ್‌ಶೈರ್ ಪಟ್ಟಿಯಲ್ಲಿ ಹಲವರ ಹೆಸರೂ ಕಸುಬೂ ಒಂದೇ ಇವೆ, ಇನ್ನು ಕೆಲವರಲ್ಲಿ ಆಗಲೇ ಬೇರೆಯಾಗಿವೆ. ಹೆಸರು ಕಸುಬನ್ನು ಬಿಟ್ಟು ತನ್ನ ದಾರಿ ಹಿಡಿಯುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಈಗ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಸಂಗತಿ. 13ನೆಯ ಶತಮಾನದ ಆರಂಭದ ಸುಮಾರಿಗೆ ಬರೆದಿಟ್ಟ, 'ನೇಕಾರರ ಮತ್ತು ತುಳಿಯುವವರ ಕಾನೂನು' ಎಂದು ಕರೆಯುವ ಕಟ್ಟಳೆಗಳಿವೆ. ವಿಂಚೆಸ್ಟರ್, ಮಾರ್ಲ್‌ಬರೋ, ಆಕ್ಸ್‌ಫರ್ಡ್, ಬೆವರ್ಲಿ ಪಟ್ಟಣಗಳಿಗೆ ಸೇರಿದವು. ಅವುಗಳ ಪ್ರಕಾರ ನೇಕಾರನಾಗಲಿ, ಬಟ್ಟೆ ತುಳಿಯುವವನಾಗಲಿ ಪಟ್ಟಣದ ಪೂರ್ಣ ಹಕ್ಕಿನ ನಾಗರಿಕನಲ್ಲ. ತಾನು ತಯಾರಿಸಿದ ಬಟ್ಟೆಯನ್ನು ಹೊರಗಿನವರಿಗೆ ಮಾರುವಂತಿಲ್ಲ, ಊರಿನ ವರ್ತಕರಿಗೇ ಕೊಡಬೇಕು. ಹಕ್ಕುಳ್ಳ ನಾಗರಿಕನ ವಿರುದ್ಧ ಅವನು ಸಾಕ್ಷಿ ಹೇಳುವಂತಿಲ್ಲ. ಹೇಳಿದರೂ ಅದು ನಡೆಯದು! ಅವನು ದುಡ್ಡು ಗಳಿಸಿ ಮೇಲೇರಬೇಕೆಂದರೆ ಕಸುಬನ್ನು ಆಣೆಯಿಟ್ಟು ತೊರೆಯಬೇಕು, ಸಲಕರಣೆಗಳನ್ನು ಮನೆಯಿಂದ ಹೊರಹಾಕಬೇಕು. ಆಮೇಲೆ ಬಂದು ಹಕ್ಕು ಕೇಳಬಹುದು.

ಇದನ್ನು ಓದಿದಾಗ ನಮಗೆ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡಬೇಕೆನಿಸಿತು. ದೇಶಕ್ಕೆಲ್ಲ ಬಟ್ಟೆ ತೊಡಿಸುವವನ ಮಾತಿಗೆ ನ್ಯಾಯಸ್ಥಾನದಲ್ಲಿ ಬೆಲೆಯಿಲ್ಲ. ಕಾಲಿನಿಂದ ದುಡಿಯುವವನು, ನಾರುವ ತೊಟ್ಟಿಯಲ್ಲಿ ನಿಲ್ಲುವವನು ಕೀಳು ಎಂಬ ಭಾವನೆ ಅಲ್ಲಿಯೂ ಇತ್ತು. ನಮ್ಮಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಲ್ಲಿ ಸಲಕರಣೆ ಹೊರಗಿಟ್ಟವನು ಹಕ್ಕು ಕೇಳಬಹುದಿತ್ತು. ಅವನ ಮಗ ಪಾದ್ರಿಯಾಗಬಹುದು, ವರ್ತಕನಾಗಬಹುದು, ಯಾರ ಮನೆಯ ಹೆಣ್ಣನ್ನಾದರೂ ತರಬಹುದು. ಎರಡು ಮೂರು ತಲೆಮಾರಿನಲ್ಲಿ ವಾಕರ್ ಎಂಬುದು ಬರೀ ಸದ್ದಾಗಿ ಉಳಿಯಿತು. ಇಲ್ಲಿ ತಿಗರಿ ಬಿಟ್ಟು ಮೂರು ತಲೆಮಾರಾದರೂ ದಾಖಲಾತಿಗೆ ಬಂದ ಮಗುವಿನ ಅಡ್ಡಹೆಸರು ಕೇಳಿದೊಡನೆ ಎದುರಿನವರ ಮುಖದಲ್ಲಿ ಒಂದು ಲೆಕ್ಕ ಓಡುವುದನ್ನು ನಾವು ಎಷ್ಟು ಸಲ ನೋಡಿಲ್ಲ! ಇಂಗ್ಲಿಷ್ ಅಡ್ಡಹೆಸರಿಗೂ ನಮ್ಮದಕ್ಕೂ ಹೋಲಿಕೆ ಮಾಡುವಾಗ ಇದನ್ನು ಮುಚ್ಚಿಟ್ಟು ಪಾಠ ಮಾಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ತುಳಿಯುವ ಕೆಲಸವನ್ನು ಕೊನೆಗೆ ನುಂಗಿದ್ದು ಯಂತ್ರ. ನೀರಿನ ಚಕ್ರ ತಿರುಗಿದಂತೆ ಒನಕೆಯಂತಹ ಭಾರವಾದ ಮರದ ಸುತ್ತಿಗೆಗಳು ಎದ್ದು ಎದ್ದು ಬಟ್ಟೆಯ ಮೇಲೆ ಬೀಳುವ ಗಿರಣಿಗಳು ಬಂದವು. 1185ರಲ್ಲಿ ಟೆಂಪ್ಲರ್ ಪಂಥದವರ ಆಸ್ತಿಯ ಸಮೀಕ್ಷೆಯಲ್ಲಿ ಯಾರ್ಕ್‌ಶೈರಿನ ನ್ಯೂಶಮ್ ಎಂಬಲ್ಲಿ ಮತ್ತು ಕಾಟ್ಸ್‌ವೋಲ್ಡ್ ಬೆಟ್ಟಗಳ ಬಾರ್ಟನ್ ಎಂಬಲ್ಲಿ ಇಂತಹ ಗಿರಣಿಗಳಿದ್ದವೆಂದು ಬರೆದಿದೆ. ಇಬ್ಬರು ಮೂವರು ದಿನಗಟ್ಟಲೆ ಮಾಡುವುದನ್ನು ಒಬ್ಬ ಮನುಷ್ಯ ನೋಡಿಕೊಂಡರೆ ಸಾಕಾಯಿತು. ಕಾಲಿನಿಂದ ತುಳಿಯುವವರು ಸುಮ್ಮನಿರಲಿಲ್ಲ. 1298ರಲ್ಲಿ ಲಂಡನ್ನಿನವರು, ನಮ್ಮ ಬಟ್ಟೆಯನ್ನು ಊರ ಹೊರಗೆ ಸ್ಟ್ರ್ಯಾಟ್‌ಫರ್ಡಿನ ಗಿರಣಿಗಳಿಗೆ ಒಯ್ಯುತ್ತಿದ್ದಾರೆಂದು ದೂರಿದರು. ಆದರೆ ನೀರಿನ ಓಟವಿದ್ದ ಹಳ್ಳಿಗಳ ಕಡೆಗೆ ಕೆಲಸ ಹರಿದು ಹೋಯಿತು. ಇತಿಹಾಸಕಾರ್ತಿ ಕೇರಸ್-ವಿಲ್ಸನ್ 1941ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು 13ನೆಯ ಶತಮಾನದ ಕೈಗಾರಿಕಾ ಕ್ರಾಂತಿ ಎಂದೇ ಕರೆದರು. ಅಷ್ಟು ದೊಡ್ಡ ಮಾತು ಬೇಡವೆಂದು ಆಮೇಲಿನ ಕೆಲವರು ವಾದಿಸಿದ್ದಾರೆ. ಮಕ್ಕಳಿಗೆ ಜೇಮ್ಸ್ ವ್ಯಾಟ್‌ನಿಂದಲೇ ಯಂತ್ರಯುಗ ಆರಂಭವಾಯಿತೆಂದು ಹೇಳುವ ನಮಗೆ ಈ ವಾದವೇ ಒಂದು ಹೊಸ ಪಾಠ.

ಗಿರಣಿ ಬಂದರೂ ಅದನ್ನು ನಡೆಸುವವನನ್ನು ಜನ ವಾಕರ್ ಎಂದೇ ಕರೆದರು. ಗಿರಣಿಗೂ 'ವಾಕ್ ಮಿಲ್' ಎಂಬ ಹೆಸರು ಬಂತು. ವೇಲ್ಸ್ ಭಾಷೆಯಲ್ಲಿ ಈ ಗಿರಣಿಗೆ 'ಪಾಂಡಿ'. 1910ರ ಗಣಿ ಕಾರ್ಮಿಕರ ಹೋರಾಟದಿಂದ ಹೆಸರಾದ ಟೋನಿಪಾಂಡಿ ಎಂಬ ಊರಿನ ಹೆಸರಿನ ಕೊನೆಯಲ್ಲಿ ಇರುವುದು ಅದೇ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಮಾತ್ರ ಕೈಕಾಲಿನ ಕೆಲಸ ಬಹುಕಾಲ ಉಳಿಯಿತು. 20ನೆಯ ಶತಮಾನದವರೆಗೂ ಅಲ್ಲಿನ ಹೆಂಗಸರು ಹಲಗೆಯ ಸುತ್ತ ಕೂತು, ಒದ್ದೆ ಬಟ್ಟೆಯನ್ನು ತಾಳಕ್ಕೆ ತಕ್ಕಂತೆ ಬಡಿಯುತ್ತ ಹಾಡುತ್ತಿದ್ದರು. ಒಬ್ಬಳು ಸೊಲ್ಲು ಎತ್ತುವುದು, ಉಳಿದವರು ಕೂಡಿ ಹೇಳುವುದು. ನಮ್ಮ ಬೀಸುವ ಕಲ್ಲಿನ ಪದ, ಕುಟ್ಟುವ ಪದ ಕೇಳಿದವರಿಗೆ ಅವುಗಳ ಧ್ವನಿಮುದ್ರಿಕೆ ಕೇಳಿದರೆ ಭಾಷೆ ತಿಳಿಯದಿದ್ದರೂ ಪರಕೀಯವೆನಿಸುವುದಿಲ್ಲ.

ವಾಕರ್ ಎಂಬ ಹೆಸರು ಹಡಗು ಹತ್ತಿ ದೇಶಾಂತರ ಹೋಯಿತು. ನಮ್ಮ ಕಡೆಗೂ ಬಂತು. ಅಲೆಕ್ಸಾಂಡರ್ ವಾಕರ್ ಎಂಬ ಸ್ಕಾಟ್ಲೆಂಡಿನ ಅಧಿಕಾರಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಮಲಬಾರಿನಲ್ಲಿದ್ದ. ಮಕ್ಕಳು ಮರಳಿನ ಮೇಲೆ ಬೆರಳಿಂದ ಬರೆದು ಅಕ್ಷರ ಕಲಿಯುವುದನ್ನು, ಮುಂದಿನ ಮಕ್ಕಳು ಹಿಂದಿನವರಿಗೆ ಕಲಿಸುವುದನ್ನು ಅವನು ಮೆಚ್ಚಿ ಬರೆದಿಟ್ಟ. ಧರ್ಮಪಾಲ್ ಅವರು 1983ರ ತಮ್ಮ 'ದಿ ಬ್ಯೂಟಿಫುಲ್ ಟ್ರೀ' ಗ್ರಂಥದಲ್ಲಿ ಆ ಟಿಪ್ಪಣಿಯನ್ನು ಸೇರಿಸಿದ್ದಾರೆ. ಶಿಕ್ಷಕರಾದ ನಾವು ಆ ಒಬ್ಬ ವಾಕರ್‌ನನ್ನು ನೆನೆಯಬಹುದು.

ಆದರೆ ಬೇರೆ ಹಡಗುಗಳೂ ಇದ್ದವು. ಆಫ್ರಿಕಾದಿಂದ ಅಮೇರಿಕೆಗೆ ಸಾಗಿಸಿದ ಗುಲಾಮರ ಸ್ವಂತ ಹೆಸರುಗಳನ್ನು ಅಳಿಸಿಹಾಕಿದರು. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಾಗದದ ಮೇಲೆ ಅಡ್ಡಹೆಸರು ಬರೆಸಬೇಕಾಗಿ ಬಂದಾಗ ಕೆಲವರಿಗೆ ಹಳೆಯ ಒಡೆಯನ ಹೆಸರೇ ಉಳಿಯಿತು, ಕೆಲವರು ತಾವೇ ಒಂದನ್ನು ಆರಿಸಿಕೊಂಡರು. ಹೀಗೆ ಬಟ್ಟೆ ತುಳಿದ ಇಂಗ್ಲಿಷ್ ಕೂಲಿಯ ಹೆಸರು, ಉಣ್ಣೆಯ ತೊಟ್ಟಿಯನ್ನೇ ಕಾಣದ, ಹತ್ತಿಯ ಹೊಲದಲ್ಲಿ ದುಡಿದ ಕಪ್ಪು ಜನರ ಹೆಸರಾಯಿತು.

'ದಿ ಕಲರ್ ಪರ್ಪಲ್' ಕಾದಂಬರಿಗೆ 1983ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಆಲಿಸ್ ವಾಕರ್ 1944ರಲ್ಲಿ ಜಾರ್ಜಿಯಾ ರಾಜ್ಯದ ಈಟನ್‌ಟನ್ ಎಂಬಲ್ಲಿ ಹುಟ್ಟಿದವರು. ಅವರ ಅಜ್ಜಿಯ ಅಜ್ಜಿಗೂ ಹಿಂದಿನ ತಲೆಮಾರಿನ ಹೆಣ್ಣುಮಗಳೊಬ್ಬಳು ಗುಲಾಮಳಾಗಿ ವರ್ಜೀನಿಯಾದಿಂದ ಈಟನ್‌ಟನ್ನಿನವರೆಗೆ, ಎರಡು ಕೂಸುಗಳನ್ನು ಸೊಂಟದ ಮೇಲೆ ಹೊತ್ತುಕೊಂಡು, ನಡೆದೇ ಬಂದಿದ್ದಳು. ನೂರಾರು ಮೈಲಿ. ಆ ನಡಿಗೆಯ ನೆನಪಿಗಾಗಿಯೇ ತವರಿನ ಹೆಸರಾದ ವಾಕರ್ ಅನ್ನು ಉಳಿಸಿಕೊಂಡೆನೆಂದು ಆಲಿಸ್ ವಾಕರ್ ಬರೆದಿದ್ದಾರೆ. ನಿಘಂಟಿನವರು ಏನೇ ಹೇಳಲಿ, ಆ ಮನೆತನದಲ್ಲಿ ವಾಕರ್ ಎಂದರೆ ನಡೆದವಳು.